ಕೂತು ಕುಡಿಯುವ ಚಹಾ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರಿಗೆ ನಿಪ್ಪಾಣಿಯೆಂದರೆ ಮಹಾರಾಷ್ಟ್ರ ಮುಟ್ಟುವ ಮೊದಲು ಕಾಣುವ ಒಂದು ಹಸಿರು ಬೋರ್ಡು. ನಮಗೆ ಅದು ತಂಬಾಕಿನ ಊರು. ವಖಾರಿಗಳಿರುವ ಓಣಿಯಲ್ಲಿ ನಡೆದರೆ ಈಗಲೂ ಸೀನು ಬರುತ್ತದೆ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತದೆ. ಇಂಥ ಊರಿಗೂ ಈಚಿನ ವರ್ಷಗಳಲ್ಲಿ ಕೆಫೆಗಳು ಬಂದಿವೆ. ಗೋಡೆಗೆ ಪುಟ್ಟ ದೀಪಗಳ ಮಾಲೆ, ಇಂಗ್ಲಿಷಿನಲ್ಲೊಂದು ತಮಾಷೆಯ ಸಾಲು, ಉದ್ದನೆಯ ಗಾಜಿನ ಲೋಟದಲ್ಲಿ ಕೋಲ್ಡ್ ಕಾಫಿ. ಅಲ್ಲೇ ಮಹಡಿಯ ಮೇಲೆ ಎ.ಸಿ. ಹಾಕಿದ ಸಲೂನು.

ನನಗೆ ಇಂಥ ಜಾಗಗಳ ಹುಚ್ಚು. ಫೆಲೋಶಿಪ್ಪಿನ ಹಣ ಬಂದ ವಾರ ಒಂದು ಕೆಫೆ, ತಿಂಗಳು ಬಿಟ್ಟು ತಿಂಗಳು ಒಂದು ಸಲೂನು, ವರ್ಷಕ್ಕೊಮ್ಮೆ ಎಲ್ಲಾದರೂ ಚೆಂದದ ಪುಟ್ಟ ಲಾಡ್ಜಿನಲ್ಲಿ ಒಂದು ರಾತ್ರಿ. ‘ತಂಬಾಕು ಕೂಲಿ ಹೆಂಗಸರ ಮೇಲೆ ಪಿಎಚ್.ಡಿ. ಮಾಡಾಕಿ, 160 ರೂಪಾಯಿ ಕಾಫಿ ಕುಡೀತಿ’ ಎಂದು ಗೆಳೆಯನೊಬ್ಬ ಚುಚ್ಚಿದ. ಅವನಿಗೆ ಆಗ ನಕ್ಕು ಸುಮ್ಮನಾದೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಕೂಲಿ ಹೆಂಗಸರ ಬಗ್ಗೆ ಓದಿದಷ್ಟೂ ಈ ಕಾಫಿಯ ಬೆಲೆ ನನಗೆ ಬೇರೆಯಾಗಿಯೇ ಕಾಣತೊಡಗಿದೆ.

ನಾನು ಚಿಕ್ಕವಳಿದ್ದಾಗ ಹೋಟೆಲ್ ಎಂಬುದು ಅಪ್ಪ, ಕಾಕಾ, ಮಾಮಾಗಳ ಜಾಗ. ಬೆಳಿಗ್ಗೆ ಮಿಸಳ, ಪೇಪರು, ರಾಜಕಾರಣ, ಒಂದರ ಮೇಲೊಂದು ಚಹಾ. ಹೆಂಗಸರು ಹೋಗಬೇಕೆಂದರೆ ಜೊತೆಗೆ ಗಂಡಸರಿರಬೇಕು, ಹೋದರೂ ಪರದೆ ಎಳೆದ ‘ಫ್ಯಾಮಿಲಿ ರೂಮ್’. ಅವ್ವ ಹಾಗೆ ಹೋದದ್ದು ಎಷ್ಟು ಸಲ ಎಂದು ಕೇಳಿದರೆ ಒಂದು ಕೈಯ ಬೆರಳು ಸಾಕಾಗುತ್ತವೆ. ಅವಳು ಮನೆಯ ಹೊಸ್ತಿಲ ಹತ್ತಿರ ಮರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತ, ಪಕ್ಕದಲ್ಲಿಟ್ಟ ಚಹಾ ಆರಿದ ಮೇಲೆ ನೆನಪಾಗಿ ಒಂದೇ ಗುಟುಕಿಗೆ ಮುಗಿಸುತ್ತಿದ್ದಳು. ಕೂತು ಚಹಾ ಕುಡಿಯುವುದೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ, ದಿನವಿಡೀ ಕೂತೇ ಇರುತ್ತಿದ್ದರೂ.

ಯಾರು ಎಲ್ಲಿ ಕೂತು ಚಹಾ ಕುಡಿಯಬಹುದು ಎಂಬ ಪ್ರಶ್ನೆ ನಮ್ಮ ಕಡೆ ಹಳೆಯದು. ಇಲ್ಲಿಂದ ಗಂಟೆಯ ದಾರಿಯ ಕೊಲ್ಲಾಪುರದಲ್ಲಿ, ನೂರು ವರ್ಷಗಳಾಚೆ, ಗಂಗಾರಾಮ ಕಾಂಬಳೆ ಎಂಬ ದಲಿತ ವ್ಯಕ್ತಿ ಸವರ್ಣೀಯರ ನೀರು ಮುಟ್ಟಿದ್ದಕ್ಕೆ ಏಟು ತಿಂದರು. ಶಾಹೂ ಮಹಾರಾಜರು ಅವರಿಗೆ ಹಣ ಕೊಟ್ಟು ಸ್ವಂತ ಚಹಾದ ಹೋಟೆಲ್ ಹಾಕಿಸಿದರು. ‘ಸತ್ಯಸುಧಾರಕ’ ಎಂದು ಹೆಸರು. ಮೇಲ್ಜಾತಿಯವರು ಯಾರೂ ಆ ಕಡೆ ಸುಳಿಯಲಿಲ್ಲ. ಆಗ ಮಹಾರಾಜರೇ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿದರು. ಜೊತೆಗಿದ್ದವರೂ ಕುಡಿಯಬೇಕಾಯಿತು. ಈ ಕತೆಯಲ್ಲಿ ನನಗೆ ಹಿಡಿಸುವುದು ಮಹಾರಾಜರ ದೊಡ್ಡತನ ಮಾತ್ರವಲ್ಲ. ಏಟು ತಿಂದವನಿಗೆ ಪರಿಹಾರವಾಗಿ ಸಿಕ್ಕಿದ್ದು ಒಂದು ಹೋಟೆಲ್ಲು! ಬೇರೆಯವರು ಬಂದು ಕೂತು, ಅವನ ಕೈಯ ಚಹಾ ಕುಡಿದು, ದುಡ್ಡು ಕೊಟ್ಟು ಹೋಗಬೇಕಾದ ಜಾಗ. 1920ರಲ್ಲಿ ನಮ್ಮಿಂದ ದೂರವಲ್ಲದ ಮಾಣಗಾಂವದಲ್ಲಿ ಶಾಹೂ ಮಹಾರಾಜರೂ ಅಂಬೇಡ್ಕರರೂ ಒಂದೇ ವೇದಿಕೆಯಲ್ಲಿದ್ದರು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿಗೆ ನಿಪ್ಪಾಣಿಗೇ ಬಂದರು. ಅಂದಿನ ಎಷ್ಟೋ ಊರುಗಳಲ್ಲಿ ಆ ಪರಿಷತ್ತಿನ ಜನಕ್ಕೆ ಹೋಟೆಲಿನ ಕಪ್ಪೂ ಇರಲಿಲ್ಲ, ಕ್ಷೌರಿಕನ ಕುರ್ಚಿಯೂ ಇರಲಿಲ್ಲ. ಚಹಾ ಮತ್ತು ಕ್ಷೌರ ಸಣ್ಣ ಸುಖಗಳೆಂದು ಹೇಳುವವರು ಅವು ಎಂದೂ ನಿರಾಕರಣೆಯಾಗದ ಮನೆಯಲ್ಲಿ ಹುಟ್ಟಿದವರಿರಬೇಕು.

ಹೆಂಗಸರ ಲೆಕ್ಕ ಇನ್ನೂ ತಡವಾಗಿ ಶುರುವಾಯಿತು. 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿಯಲ್ಲಿ ಕೂತದ್ದು, ಗೋಲಿಬಾರ್ ಆಗಿ ಪ್ರಾಣಗಳು ಹೋದದ್ದು ಊರಿನ ಹಿರಿಯರಿಗೆಲ್ಲ ನೆನಪಿದೆ. ಅದೇ ಕಾಲದಲ್ಲಿ ತಂಬಾಕು ಕಾರ್ಖಾನೆಯ ಹೆಂಗಸರೂ ಸಂಘ ಕಟ್ಟಿದ್ದರು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ’ ತಂಡ 1982ರಲ್ಲಿ ಅವರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿತು. ಸಂಶೋಧನೆಗಾಗಿ ಅದನ್ನು ಹಲವು ಸಲ ನೋಡಿದ್ದೇನೆ. ತಂಬಾಕಿನ ಧೂಳಿನಲ್ಲಿ ದುಡಿಯುವ ಆ ಹೆಂಗಸರನ್ನು ನೋಡುವಾಗೆಲ್ಲ, ಇವರು ಮನೆಗೆ ಹೋದ ಮೇಲೆ ತಲೆಗೂದಲಿನ ಧೂಳನ್ನು ಹೇಗೆ ತೊಳೆದುಕೊಂಡಿರಬಹುದು ಎಂಬ ಪ್ರಶ್ನೆ ಏಳುತ್ತದೆ. ಅದು ನನ್ನ ಪ್ರಬಂಧದ ಯಾವ ಅಧ್ಯಾಯಕ್ಕೂ ಹೊಂದುವ ಪ್ರಶ್ನೆಯಲ್ಲ. ಆದರೆ ಅವ್ವನನ್ನು ಸಲೂನಿಗೆ ಕರೆದುಕೊಂಡು ಹೋಗುವ ಆಸೆ ಹುಟ್ಟಿದ್ದು ಅಲ್ಲಿಂದಲೇ.

ಅವಳು ನಿಪ್ಪಾಣಿಯಲ್ಲಿ ಒಪ್ಪಲಿಲ್ಲ. ನೋಡಿದವರು ಏನಂದಾರು! ಬೆಳಗಾವಿಯಾದರೆ ಸರಿ. 2023ರ ಜೂನ್‌ನಿಂದ ರಾಜ್ಯದೊಳಗೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಕೊಲ್ಲಾಪುರ ಎಷ್ಟು ಹತ್ತಿರವಿದ್ದರೂ ಗಡಿ ದಾಟಿದರೆ ಟಿಕೀಟು. ಹಾಗಾಗಿ ನಮ್ಮೂರ ಹೆಂಗಸರ ಸುಖದ ದಿಕ್ಕು ಈಗ ದಕ್ಷಿಣಕ್ಕೆ ತಿರುಗಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವ್ವ ಕೇಳಿದಳು: ‘ಕೂದಲ ತೊಳಿಯಾಕ ಎಷ್ಟ ತಗೋತಾರ?’ ಹೇಳಿದೆ. ಅವಳು ರೂಪಾಯಿಯನ್ನು ಬೀಡಿಗೆ ತಿರುಗಿಸಿ ಲೆಕ್ಕ ಹಾಕುತ್ತಾಳೆ. ತುಟಿ ಅಲುಗಾಡಿದವು, ‘ಯವ್ವಾ, ಎರಡ ದಿನದ ಬೀಡಿ’ ಎಂದಳು. ಇಳಿಯುತ್ತೇನೆ ಎನ್ನಲಿಲ್ಲ.

ಸಲೂನಿನ ಹುಡುಗಿ ‘ಕಾಕೂ, ತಲಿ ಹಿಂದ ಹಾಕ್ರಿ, ಭಾರ ಬಿಡ್ರಿ’ ಎಂದಳು. ಅವ್ವನಿಗೆ ಭಾರ ಬಿಡಲು ಬರಲಿಲ್ಲ. ಕತ್ತು ಬಿಗಿಹಿಡಿದು ತಲೆಯನ್ನು ತಾನೇ ಎತ್ತಿ ಹಿಡಿದಿದ್ದಳು, ಹುಡುಗಿಗೆ ತ್ರಾಸಾಗಬಾರದೆಂದು. ಹುಡುಗಿ ಅವಸರ ಮಾಡಲಿಲ್ಲ. ಬೆಚ್ಚನೆಯ ನೀರು ಬಿಡುತ್ತ, ಬೆರಳುಗಳಿಂದ ನಿಧಾನಕ್ಕೆ ತಿಕ್ಕುತ್ತ, ಯಾವ ಊರು, ಎಷ್ಟು ಮಕ್ಕಳು ಎಂದು ವಿಚಾರಿಸಿದಳು. ಸ್ವಲ್ಪ ಹೊತ್ತಿಗೆ ಅವ್ವನ ಮಾತು ನಿಂತಿತು, ಕಣ್ಣು ಮುಚ್ಚಿತು, ತಲೆ ಆ ಹುಡುಗಿಯ ಕೈಗೆ ಬಿತ್ತು. ಐವತ್ತೆರಡು ವರ್ಷದ ಅವ್ವನ ತಲೆಯನ್ನು ಅವಳ ತಾಯಿ ಬಿಟ್ಟರೆ ಬೇರೆ ಯಾರೂ ತೊಳೆದಿರಲಿಲ್ಲ. ಉಗುರಿನ ಸಂದಿಯ ಕಂದು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ‘ಇರ್ಲಿ ಬಿಡವಾ, ನಾಳೆ ಮತ್ತ ಆಗತೈತಿ’ ಎಂದು ಅವ್ವನೇ ಸಮಾಧಾನ ಹೇಳಿದಳು.

ಇಲ್ಲೊಂದು ಮುಳ್ಳಿದೆ. ಒಬ್ಬರು ಭಾರ ಬಿಡಬೇಕಾದರೆ ಇನ್ನೊಬ್ಬರು ಹೊರಬೇಕು. ಆ ಹುಡುಗಿ ಬೆಳಗಿನಿಂದ ನಿಂತೇ ಇದ್ದಳು. ಪರದೆಯ ಹಿಂದೆ ಅರ್ಧ ತಿಂದ ಬುತ್ತಿ ಡಬ್ಬಿ ಕಾಣುತ್ತಿತ್ತು. ‘ನಿಮ್ಮ ಕೂದಲ ಯಾರ ಮಾಡತಾರ?’ ಎಂದು ಕೇಳಿದೆ. ‘ಸೋಮವಾರ ಬಂದ್ ಇರತೈತ್ರೀ. ಅವತ್ತ ಒಬ್ಬರದೊಬ್ಬರು ಮಾಡ್ಕೋತೇವಿ’ ಎಂದಳು. ನನಗೆ ನಿರಾಳವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಕುರ್ಚಿ ಬೇಡವೆಂದು ನಾನು ಎದ್ದರೆ ಅವಳೇನೂ ಬಂದು ಕೂರುವುದಿಲ್ಲ. ಅವಳಿಗೆ ಕೂರಲು ಒಂದು ಸ್ಟೂಲು, ಊಟಕ್ಕೆ ಅರ್ಧ ಗಂಟೆ, ಸರಿಯಾದ ಪಗಾರ, ಇವೇ ಕೇಳಬೇಕಾದವು. 1982ರ ಆ ಚಿತ್ರದ ಹೆಂಗಸರು ಇದ್ದಿದ್ದರೆ ಸಲೂನಿನ ಸೊಗಸನ್ನು ಬೈಯುತ್ತಿರಲಿಲ್ಲ, ಈ ಹುಡುಗಿಯರ ಸಂಘ ಎಲ್ಲಿದೆ ಎಂದು ಕೇಳುತ್ತಿದ್ದರು ಅನಿಸುತ್ತದೆ.

ಲಾಡ್ಜಿನ ವಿಷಯ ಹೇಳುವುದು ಉಳಿಯಿತು. ಹೋದ ವರ್ಷ ವಿಚಾರಸಂಕಿರಣಕ್ಕೆಂದು ಹೋದ ಊರಿನಲ್ಲಿ, ಹಳೆಯ ಮನೆಯನ್ನೇ ದುರಸ್ತಿ ಮಾಡಿದ ಆರು ಕೋಣೆಗಳ ಲಾಡ್ಜೊಂದರಲ್ಲಿ ಉಳಿದೆ. ಕೌಂಟರಿನವರು ‘ಒಬ್ಬರೇನಾ?’ ಎಂದು ಎರಡು ಸಲ ಕೇಳಿ, ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ಕೀಲಿ ಕೊಟ್ಟರು. ಕೆಂಪು ನೆಲ, ಬಿಳಿ ಹಾಸಿಗೆ, ಅಂಗಳಕ್ಕೆ ತೆರೆಯುವ ಕಿಟಕಿ. ಒಳಗಿನಿಂದ ಚಿಲಕ ಹಾಕಿಕೊಂಡೆ. ಐದು ಜನ ಎರಡು ಖೋಲಿಯಲ್ಲಿ ಬೆಳೆದವಳಿಗೆ, ಹಾಸ್ಟೆಲ್ಲಿನಲ್ಲೂ ಮೂವರ ಜೊತೆ ಇರುವವಳಿಗೆ, ಆ ಚಿಲಕದ ಸದ್ದಿನಷ್ಟು ಐಷಾರಾಮ ಬೇರೆ ಕಾಣೆ. ಓದಲೂ ಇಲ್ಲ, ಬರೆಯಲೂ ಇಲ್ಲ. ಎಂಟು ಗಂಟೆಗೇ ಮಲಗಿದೆ.

ಬೆಳಗಾವಿಯ ಸುದ್ದಿಯನ್ನು ಗುಟ್ಟಾಗಿಡಬೇಕೆಂದು ನನಗೆ ಆಣೆ ಹಾಕಿಸಿದ ಅವ್ವ, ಎರಡೇ ದಿನದಲ್ಲಿ ತಾನೇ ಓಣಿಗೆಲ್ಲ ಹೇಳಿದಳು. ಅವಳ ಜೊತೆ ಬೀಡಿ ಸುತ್ತುವ ಹೆಂಗಸರದ್ದೊಂದು ಭಿಶಿ ಇದೆ. ಗೃಹಲಕ್ಷ್ಮಿಯ ಹಣ ಬಂದಾಗ ಎಲ್ಲರೂ ಇಷ್ಟಿಷ್ಟು ಹಾಕಿ, ಚೀಟಿ ಎತ್ತಿ ಒಬ್ಬರಿಗೆ ಕೊಡುತ್ತಾರೆ. ಇಷ್ಟು ದಿನ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಈ ಬಾರಿ ಕೆಫೆಯಲ್ಲಿ ಸೇರಬೇಕೆಂಬ ಚರ್ಚೆ ನಡೆದಿದೆ. ದುಡ್ಡು ದಂಡ ಎಂದು ಒಬ್ಬರು ತಕರಾರು ತೆಗೆದರಂತೆ. ಅದಕ್ಕೆ ಅವ್ವ ಕೊಟ್ಟ ಉತ್ತರವನ್ನು ನನ್ನ ಗೆಳೆಯನಿಗೂ ಕಳಿಸಿದ್ದೇನೆ: ‘ಮನ್ಯಾಗ ಸೇರಿದ್ರ ಒಬ್ಬಾಕಿ ಒಲಿ ಮುಂದ ನಿಂತಿರತಾಳ. ಅಲ್ಲಾದ್ರ ಎಲ್ಲಾರೂ ಕೂಡತೇವಿ.’

ಈಗ ನನಗೊಂದು ಕೆಲಸ ಹಚ್ಚಿದ್ದಾರೆ. ಹನ್ನೊಂದು ಜನಕ್ಕೆ ಜಾಗ ಆಗುತ್ತದೆಯೇ, ಕಾಫಿ ಅಲ್ಲದೆ ಬಿಸಿ ಚಹಾ ಇದೆಯೇ, ಅದನ್ನು ಕಾಗದದ ಕಪ್ಪಿನಲ್ಲಿ ಕೊಡುತ್ತಾರೋ ಬಸಿಯಿರುವ ಕಪ್ಪಿನಲ್ಲಿ ಕೊಡುತ್ತಾರೋ, ವಿಚಾರಿಸಿಕೊಂಡು ಬರಬೇಕಂತೆ.