ಸಿಗಡಿಗೆ ಗರಿಕೆಯ ಕಷಾಯ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಟ್ಟಿದವರು ನಮ್ಮ ಕಡೆಯವರಲ್ಲ ಎಂದು ನನಗೆ ಬಹಳ ಸಲ ಅನ್ನಿಸಿದ್ದುಂಟು. ಕುಮಟೆಯ ಆಸುಪಾಸಿನಲ್ಲಿ ಯಾವ ಮನೆಯ ಹಿತ್ತಲಿಗೆ ಹೋದರೂ ನಾಲ್ಕಾರು ಮದ್ದಿನ ಗಿಡ ಇದ್ದೇ ಇರುತ್ತವೆ. ಮಗುವಿಗೆ ಶೀತವಾದರೆ ಸಾಂಬಾರ ಸೊಪ್ಪು, ಹೊಟ್ಟೆ ಕೆಟ್ಟರೆ ದಾಳಿಂಬೆ ಸಿಪ್ಪೆ, ಬಿಟ್ಟು ಬಿಟ್ಟು ಜ್ವರ ಬಂದರೆ ಅಮೃತಬಳ್ಳಿ. ದನಕರುಗಳಿಗೂ ಇಂಥದೇ ಒಂದು ಪಟ್ಟಿಯಿದೆ. ಆದರೆ ನೀರಿನೊಳಗಿನ ಸಿಗಡಿಗೆ ಗಿಡದ ಮದ್ದು ಕೇಳಿಕೊಂಡು ನನ್ನ ಮನೆಯ ಮೆಟ್ಟಿಲು ಹತ್ತುವವರು ಬಂದಾರೆಂದು ನಾನು ಎಣಿಸಿರಲಿಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನುವ ಪದ್ಧತಿಯೇ ಇಲ್ಲ. ಸಿಗಡಿಯ ರುಚಿ ಗೊತ್ತಿಲ್ಲದವನು ಸಿಗಡಿಯ ನಾಡಿ ಹಿಡಿಯಬೇಕಾಗಿ ಬಂದದ್ದು ಒಂದು ವಿಚಿತ್ರವೇ ಸರಿ.

ಹಾಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಈಗ ಅಘನಾಶಿನಿ ನದಿಯ ದಂಡೆಯಲ್ಲಿ ಗಜನಿ ಭೂಮಿಯನ್ನು ಗೇಣಿಗೆ ಹಿಡಿದು ಎರಡು ಹೊಂಡಗಳಲ್ಲಿ ಟೈಗರ್ ಸಿಗಡಿ ಸಾಕುತ್ತಿದ್ದ. 2012ರ ಸುಮಾರಿನ ಮಾತು ಇದು. ಅದರ ಹಿಂದಿನ ಬೆಳೆ ಪೂರ್ತಿ ಸತ್ತುಹೋಗಿತ್ತು. ಸೊಸೈಟಿಯ ಸಾಲ ಹಾಗೇ ಉಳಿದಿತ್ತು, ಹೆಂಡತಿಯ ಬಳೆಗಳು ಅಡವಿಗೆ ಹೋಗಿದ್ದವು. ಹೊಸ ಬೆಳೆಗೆ ಕೈಹಾಕುವ ಹೊತ್ತಿಗೆ ಯಾರೋ ಮಾರಾಟದವನೊಬ್ಬ ಬಂದು ಒಂದು ಪ್ಯಾಕೇಟು ಕೊಟ್ಟು ಹೋಗಿದ್ದನಂತೆ. ಅಪ್ಪಟ ಗಿಡಮೂಲಿಕೆ, ಬಿಳಿ ಚುಕ್ಕಿ ರೋಗಕ್ಕೆ ಸಂಪೂರ್ಣ ಪರಿಹಾರ ಎಂಬುದು ಅವನ ಭರವಸೆ. ಬೆಲೆ ಕೇಳಿದರೆ ಎದೆ ಹಾರುವಂತಿತ್ತು.

“ಮಾಸ್ತರ್ರೆ, ಇದರ ಮೇಲೆ ಬರೆದದ್ದು ಓದ್ಲಿಕ್ಕೆ ಬರ್ತದೆ, ತಿಳೀಲಿಕ್ಕೆ ಬರೂದಿಲ್ಲ. ತಕ್ಕೊಳ್ಲಾ ಬೇಡ್ವಾ, ನೀವೇ ಹೇಳಿ” ಎಂದ.

ಪ್ಯಾಕೇಟಿನ ಮೇಲೆ ಹತ್ತು ಗಿಡಗಳ ಹೆಸರಿತ್ತು. ಯಾವುದು ಎಷ್ಟು ಎಂಬ ಲೆಕ್ಕ ಒಂದಕ್ಕೂ ಇರಲಿಲ್ಲ. ಎರಡು ದಿನ ಸಮಯ ಕೊಡು ಎಂದು ಅವನನ್ನು ಕಳಿಸಿದೆ. ಆಮೇಲೆ ಎರಡು ದಿನವಲ್ಲ, ಎರಡು ತಿಂಗಳು ಓದಿದೆ. ಪರಿಚಯದ ಮೀನುಗಾರಿಕಾ ಪದವೀಧರರೊಬ್ಬರು ಕಾಗದಗಳನ್ನು ತಂದುಕೊಟ್ಟು ಉಪಕಾರ ಮಾಡಿದರು.

ಈ ರೋಗದ ಕತೆ ಕೇಳಿದರೆ ಯಾರಿಗೂ ಭಯವಾಗುತ್ತದೆ. 1992ರ ಸುಮಾರಿಗೆ ತೈವಾನ್, ಚೀನಾ ದೇಶಗಳಲ್ಲಿ ತಲೆಯೆತ್ತಿದ ಈ ವೈರಸ್ಸು 1994-95ರ ಹೊತ್ತಿಗೆ ನಮ್ಮ ದೇಶದ ಸಿಗಡಿ ಹೊಂಡಗಳಿಗೂ ಇಳಿಯಿತು. ಅದಕ್ಕೆ ಮೊದಲು ಸಿಗಡಿಯೆಂದರೆ ಬಂಗಾರ ಎಂದು ಎಲ್ಲರೂ ಹೊಂಡ ತೋಡಿದ್ದ ಕಾಲ. ರೋಗ ಹತ್ತಿದ ಸಿಗಡಿ ಮೊದಲು ಮೇವು ಬಿಡುತ್ತದೆ. ಆಮೇಲೆ ಹೊಂಡದ ಅಂಚಿಗೆ ಬಂದು ಸುಸ್ತಾಗಿ ನಿಲ್ಲುತ್ತದೆ. ತಲೆಯ ಚಿಪ್ಪನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಒಳಗೆ ಸುಣ್ಣದ ಹನಿ ಸಿಡಿದಂತೆ ಬಿಳಿ ಚುಕ್ಕಿಗಳು. ಮೂರರಿಂದ ಹತ್ತು ದಿನದೊಳಗೆ ಹೊಂಡಕ್ಕೆ ಹೊಂಡವೇ ಖಾಲಿ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ; ಸಾಲ ಮಾಡಿದ ಮನುಷ್ಯನ ಸಂಸಾರದ ಮಾತು ಬೇರೆ. ರೋಗ ಬಂದಮೇಲೆ ಕೊಡಬಹುದಾದ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ.

ಆಂಟಿಬಯಾಟಿಕ್ ಹಾಕಿದರಾಗದೇ ಎಂದು ನೀವು ಕೇಳಬಹುದು. ಅದು ಬ್ಯಾಕ್ಟೀರಿಯಾಕ್ಕೆ ಸರಿ, ವೈರಸ್ಸಿಗಲ್ಲ. ಬ್ಯಾಕ್ಟೀರಿಯಾದ ಕತೆಯೂ ಅಷ್ಟೇನೂ ಸುಖದ್ದಲ್ಲ. ಸಿಗಡಿಮರಿಗಳನ್ನು ಸಾಯಿಸುವ, ಕತ್ತಲಲ್ಲಿ ಮಿನುಗುವ ವಿಬ್ರಿಯೋ ಎಂಬ ಜಾತಿಯೊಂದಿದೆ. ಹ್ಯಾಚರಿಯಲ್ಲಿ ಮರಿಗಳನ್ನು ಸಾಲುಸಾಲಾಗಿ ಕೊಂದ ಇಂಥ ವಿಬ್ರಿಯೋ ಆಂಟಿಬಯಾಟಿಕ್‌ಗಳನ್ನು ಅರಗಿಸಿಕೊಂಡು ನಿಂತಿತ್ತು ಎಂಬುದನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ, ಇಡ್ಯ ಕರುಣಾಸಾಗರ ಮತ್ತು ಅವರ ಸಂಗಡಿಗರು 1994ರಲ್ಲೇ ಬರೆದಿದ್ದರು. ಇನ್ನೊಂದು ಕಡೆ, ಮದ್ದಿನ ಶೇಷ ಸಿಗಡಿಯ ಮೈಯಲ್ಲಿ ಉಳಿದರೆ ಹೊರದೇಶದ ಬಂದರಿನಿಂದ ಸರಕು ವಾಪಸು ಬರುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಮುಂತಾದವುಗಳನ್ನು ಸಿಗಡಿಗೆ ಹಾಕುವುದೇ ನಿಷೇಧ. ಹೀಗೆ ಎಲ್ಲ ಬಾಗಿಲೂ ಮುಚ್ಚಿದಾಗ ಜನರ ಕಣ್ಣು ಹಿತ್ತಲಿನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಲಸಿಕೆ? ಇಲ್ಲಿ ಸಿಗಡಿಯ ದೇಹವೇ ಅಡ್ಡಿ. ನಮಗೆ ಒಮ್ಮೆ ಸಿಡುಬು ಬಂದು ಹೋದರೆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಬಂದರೆ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಸಿಗಡಿಗೆ ಪ್ರತಿಕಾಯ ಮಾಡುವ ಶಕ್ತಿಯಿಲ್ಲ. ಅದಕ್ಕಿರುವುದು ರಕ್ತಕಣಗಳ ಕಾವಲು ಮಾತ್ರ. ಶತ್ರು ಯಾರೆಂದು ಕೇಳದೆ ನುಂಗುವ, ಸುತ್ತಿ ಕಟ್ಟುವ, ಕಪ್ಪಗೆ ಮಾಡಿ ಮುಗಿಸುವ ಕಾವಲು. ಗಿಡಮೂಲಿಕೆಯ ಪರವಾಗಿ ಮಾತಾಡುವ ವಿಜ್ಞಾನಿಗಳ ವಾದದಲ್ಲಿ ಮುಖ್ಯವಾದದ್ದು ಇದು: ಕೆಲವು ಗಿಡಗಳ ಸಾರ ಈ ಕಾವಲನ್ನು ಮುಂಚಿತವಾಗಿ ಎಚ್ಚರಿಸಿಡುತ್ತದೆ. ಹಾಗೆ ನೋಡಿದರೆ ಇದು ರೋಗಕ್ಕೆ ಕೊಡುವ ಮದ್ದಲ್ಲ, ರೋಗ ಬರುವ ಮೊದಲು ಕೊಡುವ ಪಥ್ಯ.

ವಾದಕ್ಕೆ ಆಧಾರವೂ ಇದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗರಿಕೆ, ಬಿಲ್ವ, ಅಮೃತಬಳ್ಳಿ, ಕಟುಕರೋಹಿಣಿ, ಗರುಗ ಈ ಐದನ್ನು ಮೇವಿನಲ್ಲಿ ಸೇರಿಸಿ ಟೈಗರ್ ಸಿಗಡಿಗೆ ತಿನ್ನಿಸಿ ಆಮೇಲೆ ವೈರಸ್ಸು ಕೊಟ್ಟು ನೋಡಿದರು. ಬರಿಯ ಮೇವು ತಿಂದವು ಸತ್ತವು. ಮೂಲಿಕೆ ತಿಂದವುಗಳಲ್ಲಿ ಹೆಚ್ಚಿನವು ಉಳಿದವು. ತಮಿಳುನಾಡಿನ ಮೇಲ್ವಿಶಾರಂ ಎಂಬ ಊರಿನ ಕಾಲೇಜಿನಲ್ಲಿ ಸಾಹುಲ್ ಹಮೀದ್ ಅವರ ತಂಡ 20 ಗಿಡಗಳನ್ನು ಪರೀಕ್ಷಿಸಿ 2007ರಲ್ಲಿ ಬರೆಯಿತು. ಅವುಗಳಲ್ಲಿ ನೀರಿನಲ್ಲಿ ತೆಗೆದ ಗರಿಕೆಯ ಸಾರ ವೈರಸ್ಸನ್ನು ಗಟ್ಟಿಯಾಗಿ ತಡೆಯಿತು. ಮರುವರ್ಷ ಅದನ್ನೇ ಮೇವಿಗೆ ಶೇಕಡಾ 2ರಂತೆ ಬೆರೆಸಿ ತಿನ್ನಿಸಿದಾಗ ಸಿಗಡಿ ಸಾಯಲಿಲ್ಲ, ಚುಕ್ಕಿಯೂ ಏಳಲಿಲ್ಲ ಎಂದು ವರದಿಯಾಯಿತು. ಶೇಕಡಾ 1ಕ್ಕೆ ಇಳಿಸಿದಾಗ ಅಷ್ಟು ರಕ್ಷಣೆ ಸಿಗಲಿಲ್ಲ. ಗಣಪತಿಗೆ ಏರಿಸುವ ಗರಿಕೆ, ದನ ಮೇಯುವ ಗರಿಕೆ, ನಾವು ತುಳಿದುಕೊಂಡು ಓಡಾಡುವ ಗರಿಕೆ! ಓದಿದಾಗ ನನಗೆ ಆದ ಸಂತೋಷವನ್ನು ಸುಳ್ಳು ಎನ್ನಲಾರೆ.

ಆದರೂ ಅವನು ಮತ್ತೆ ಬಂದಾಗ ನಾನು ಸಂತೋಷಕ್ಕಿಂತ ಹೆಚ್ಚಾಗಿ ಲೆಕ್ಕವನ್ನೇ ಹೇಳಿದೆ. ಆ ಪ್ರಯೋಗಗಳು ನಡೆದದ್ದು ತೊಟ್ಟಿಗಳಲ್ಲಿ. ಅಲ್ಲಿ ನೀರು ಶುದ್ಧ, ಸಿಗಡಿ ಎಣಿಸಿದಷ್ಟು, ಮೇವು ತೂಗಿದಷ್ಟು. ನಿನ್ನ ಹೊಂಡದಲ್ಲಿ ಉಬ್ಬರದ ನೀರು ಬರುತ್ತದೆ, ಏಡಿ ಬರುತ್ತದೆ, ಪಕ್ಕದ ಹೊಂಡದಲ್ಲಿ ಸತ್ತ ಸಿಗಡಿಯನ್ನು ಕಚ್ಚಿಕೊಂಡು ಕೊಕ್ಕರೆ ಬರುತ್ತದೆ. ಗರಿಕೆ ಕೊಯ್ದು ನೀರಿಗೆ ಎಸೆದರೆ ಅದು ಕೊಳೆತು ನೀರು ಕೆಡುತ್ತದೆಯೇ ಹೊರತು ಮದ್ದಾಗುವುದಿಲ್ಲ. ಸಾರ ತೆಗೆಯಬೇಕು, ಮೇವಿಗೆ ಸವರಿ ನೆರಳಲ್ಲಿ ಆರಿಸಬೇಕು, ನೀರಿನಲ್ಲಿ ಕರಗಿಹೋಗದಂತೆ ಮೊಟ್ಟೆಯ ಬಿಳಿ ಲೋಳೆಯನ್ನೋ ಬೇರೇನನ್ನೋ ಅಂಟಿಗೆ ಹಾಕಬೇಕು. ಮರಿ ಹೊಂಡಕ್ಕೆ ಬಿದ್ದು ಮೇವು ಹಿಡಿದಾಗಿನಿಂದಲೇ ಶುರುಮಾಡಬೇಕು. ಮೇವು ಬಿಟ್ಟ ರೋಗಿಷ್ಟ ಸಿಗಡಿಗೆ ಮೇವಿನಲ್ಲಿ ಮದ್ದು ಕೊಡುತ್ತೇನೆಂಬುದು ಊಟ ಬಿಟ್ಟವನಿಗೆ ಔತಣ ಕೊಟ್ಟಂತೆ.

ಇನ್ನೊಂದು ಮಾತನ್ನೂ ಹೇಳಿದೆ. ಆ ಪ್ಯಾಕೇಟಿನ ಪಟ್ಟಿಯಲ್ಲಿ ಬೇವು ಇತ್ತು. ಬೇವು ನಮಗೆ ಒಳ್ಳೆಯದು, ಆದ್ದರಿಂದ ಎಲ್ಲರಿಗೂ ಒಳ್ಳೆಯದು ಎಂದು ನಾವು ತಿಳಿಯುತ್ತೇವೆ. ತೋಟದ ಹುಳಕ್ಕೆ ಬೇವಿನ ಎಣ್ಣೆ ಸಿಂಪಡಿಸುವುದು ಯಾಕೆ? ಹುಳ ಪೊರೆ ಕಳಚುವುದನ್ನೇ ಅದು ತಪ್ಪಿಸುತ್ತದೆ. ಸಿಗಡಿಯೂ ಹುಳದ ದಾಯಾದಿಯೇ. ಪೊರೆ ಕಳಚುತ್ತಲೇ ಬೆಳೆಯುವ ಜೀವಿ. ಪ್ರಮಾಣ ತಪ್ಪಿದರೆ ಬೇವು ಅದಕ್ಕೆ ವಿಷ. ಗಿಡ ಎಂದ ಮಾತ್ರಕ್ಕೆ ಸಾಧು ಎಂದು ತಿಳಿಯಬಾರದು. ಇದು ಸಿಗಡಿಯವರಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಮರಿ ಬಿಡುವ ಮೊದಲು ಹೊಂಡದ ಕಳೆಮೀನು ಕೊಲ್ಲಲು ಅವರು ಹಾಕುವುದು ಹಿಪ್ಪೆ ಹಿಂಡಿ. ಅದರ ನೊರೆ ಬರುವ ಅಂಶ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸಿಗಡಿಯ ರಕ್ತದಲ್ಲಿ ಕೆಂಪುಕಣಗಳೇ ಇಲ್ಲ, ಅದರ ರಕ್ತ ತಾಮ್ರದ ಅಂಶದಿಂದ ತಿಳಿನೀಲಿ. ಆದ್ದರಿಂದ ಅದೇ ಪ್ರಮಾಣದ ಹಿಂಡಿಯನ್ನು ಸಿಗಡಿ ತಾಳಿಕೊಳ್ಳುತ್ತದೆ. ಒಂದು ಗಿಡ ಒಬ್ಬನಿಗೆ ಮೃತ್ಯು, ಪಕ್ಕದವನಿಗೆ ಏನೂ ಅಲ್ಲ.

ಪ್ಯಾಕೇಟನ್ನು ಅವನು ಕೊಳ್ಳಲಿಲ್ಲ. ಉಳಿದ ದುಡ್ಡಿನಲ್ಲಿ ಮರಿಗಳನ್ನು ಪಿಸಿಆರ್ ಪರೀಕ್ಷೆ ಮಾಡಿಸಿದ. ತಾಯಿ ಸಿಗಡಿಯಿಂದ ಮರಿಗೆ ರೋಗ ದಾಟಿಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆಯೊಂದೇ ದಾರಿ. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಕೆಲವು ದಿನ ಬಿಟ್ಟ. ಏಡಿ ದಾಟದಂತೆ ಒಡ್ಡಿನ ಸುತ್ತ ಬಲೆ ಕಟ್ಟಿದ. ಇಷ್ಟಾದ ಮೇಲೆ ಒಂದು ಹೊಂಡಕ್ಕೆ ಗರಿಕೆಯ ಸಾರ ಸವರಿದ ಮೇವು, ಇನ್ನೊಂದಕ್ಕೆ ಬರಿಯ ಮೇವು ಹಾಕಿ ದಿನಾ ನೋಟ್‌ಬುಕ್ಕಿನಲ್ಲಿ ಬರೆದಿಡು ಎಂದೆ. ಹಿಂದಿನ ಬೆಂಚಿನ ಹುಡುಗ ಶಾಲೆಯಲ್ಲಿ ಬರೆಯದಿದ್ದಷ್ಟನ್ನು ಆ ನಾಲ್ಕು ತಿಂಗಳಲ್ಲಿ ಬರೆದ.

ಎರಡೂ ಹೊಂಡಗಳು ಉಳಿದವು. ಬಳೆಗಳು ಮನೆಗೆ ಬಂದವು.

ಊರಲ್ಲಿ ಸುದ್ದಿಯಾದದ್ದು ಮಾತ್ರ ಗರಿಕೆ. ಬರಿಯ ಮೇವಿನ ಹೊಂಡವೂ ಉಳಿಯಿತಲ್ಲ ಎಂದು ನಾನು ಹೇಳಿದರೆ ಕೇಳುವವರಿಲ್ಲ. ಆ ವರ್ಷ ರೋಗ ಅವನ ಒಡ್ಡಿನೊಳಗೆ ಬರಲೇ ಇಲ್ಲ. ಬಾರದ ಕಳ್ಳನನ್ನು ನಾಯಿ ಓಡಿಸಿತೆಂದು ಹೇಗೆ ಹೇಳುವುದು? ಆದರೆ ಪರೀಕ್ಷೆ, ಬ್ಲೀಚಿಂಗು, ಬಲೆ ಇವೆಲ್ಲ ಕತೆಗೆ ರುಚಿಯಾದ ವಸ್ತುಗಳಲ್ಲ. ದೇವರಿಗೆ ಏರಿಸುವ ಹುಲ್ಲು ಹೊಂಡವನ್ನು ಕಾಯಿತು ಎಂಬುದು ರುಚಿಯಾದ ಕತೆ.

ಮರುವರ್ಷ ಆಚೆ ದಂಡೆಯ ಒಬ್ಬರು ಅಗ್ಗಕ್ಕೆ ಸಿಕ್ಕಿದ ಮರಿಗಳನ್ನು ಪರೀಕ್ಷೆ ಮಾಡಿಸದೆ ತಂದು ಬಿಟ್ಟರು. ಗರಿಕೆ ಇದೆಯಲ್ಲ ಎಂಬ ಧೈರ್ಯ. ಒಂದೂವರೆ ತಿಂಗಳಿಗೆ ಬಿಳಿ ಚುಕ್ಕಿ ಎದ್ದಿತು. ವಿಷಯ ತಿಳಿದು ನಾನೂ ನನ್ನ ವಿದ್ಯಾರ್ಥಿಯೂ ದೋಣಿಯಲ್ಲಿ ದಾಟಿ ಹೋದೆವು. ವಯಸ್ಸಾದ ಮನುಷ್ಯ, ಒಡ್ಡಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೊಯ್ದು ಕಟ್ಟಿದ ಗರಿಕೆಯ ಹೊರೆ. “ದಿನಾ ಹಾಕಿದ್ದೆ ಮಾಸ್ತರ್ರೆ, ಒಂದು ದಿನವೂ ತಪ್ಪಿಸಲಿಲ್ಲ” ಎಂದರು. ನನ್ನ ವಿದ್ಯಾರ್ಥಿ ಏನೂ ಮಾತಾಡಲಿಲ್ಲ. ಹೊಂಡದ ನೀರನ್ನು ಹಾಗೇ ನದಿಗೆ ಬಿಡಬೇಡಿ, ಬ್ಲೀಚಿಂಗ್ ಹಾಕಿ ರೋಗ ಸಾಯಿಸಿ ಬಿಡೋಣ, ಇಲ್ಲವಾದರೆ ಕೆಳಗಿನವರಿಗೂ ಹೋಗುತ್ತದೆ ಎಂದಷ್ಟೇ ಹೇಳಿ ಪುಡಿಯ ಚೀಲ ತರಲು ತಾನೇ ಹೋದ. ಅವನು ಕಲಿತದ್ದು ಸಾರ್ಥಕವಾಯಿತು ಎಂದು ನನಗನ್ನಿಸಿದ್ದು ಆ ಹೊತ್ತಿಗೆ.

ನಮ್ಮ ಗಜನಿಗೆ ತನ್ನದೇ ಆದ ಪಥ್ಯವೊಂದಿತ್ತು. ಮಳೆಗಾಲದಲ್ಲಿ ನದಿಯ ಸಿಹಿನೀರು ಉಪ್ಪನ್ನು ತೊಳೆಯುತ್ತಿತ್ತು. ಆಗ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ತೂಬು ತೆರೆದರೆ ಉಬ್ಬರದೊಡನೆ ತಾವಾಗಿ ಬರುವ ಸಿಗಡಿ, ಮೀನು, ಏಡಿ. ಅವು ಕಗ್ಗದ ಕೂಳೆಯ ನಡುವೆ ಮೇದು ಬೆಳೆಯುತ್ತಿದ್ದವು. ಒತ್ತೊತ್ತಾಗಿ ತುಂಬುವುದಿಲ್ಲ, ಹೊರಗಿನ ಮೇವಿಲ್ಲ, ನೆಲಕ್ಕೆ ವರ್ಷಕ್ಕೊಮ್ಮೆ ತೊಳೆದುಕೊಳ್ಳುವ ಬಿಡುವು. ಇಳುವರಿ ಕಡಿಮೆ, ನಿಜ. ಆದರೆ ಒಂದು ರೋಗಕ್ಕೆ ಇಡೀ ಸಂಸಾರ ಮುಳುಗುತ್ತಿರಲಿಲ್ಲ. ಕಗ್ಗ ಬೆಳೆಯುವವರು ಬರಬರುತ್ತ ಕಡಿಮೆಯಾದರು. ಹಳೆಯದಕ್ಕೇ ಮರಳಿ ಎಂದು ಸಾಲ ಹೊತ್ತವನಿಗೆ ಉಪದೇಶ ಮಾಡುವುದು ಸುಲಭ, ಬಡ್ಡಿ ಕಟ್ಟುವುದು ಕಷ್ಟ. ಆದ್ದರಿಂದ ನಾನು ಅಷ್ಟು ದೂರ ಹೋಗುವುದಿಲ್ಲ. ಮರಿ ವಿರಳವಾಗಿ ಬಿಡಿ, ಬೆಳೆಗೂ ಬೆಳೆಗೂ ನಡುವೆ ಹೊಂಡವನ್ನು ಬಿಸಿಲಿಗೆ ಒಣಗಲು ಬಿಡಿ ಎನ್ನುತ್ತೇನೆ. ಗಜನಿಯ ಪಥ್ಯದಲ್ಲಿ ಇಂದಿಗೂ ಸಾಧ್ಯವಿರುವುದು ಇಷ್ಟು.

ಈಗಲೂ ಕೆಲವರು ಗರಿಕೆಯ ವಿಚಾರ ಕೇಳಿಕೊಂಡು ಬರುತ್ತಾರೆ. ಬೇಡ ಎನ್ನುವುದಿಲ್ಲ. ಪ್ರಯೋಗಶಾಲೆ ಒಳ್ಳೆಯದೆಂದು ಕಂಡ ಗಿಡವನ್ನು ಹಿತ್ತಲದ್ದೆಂದು ಹೀನಾಯ ಮಾಡುವುದು ಹಳೆಯ ಗಾದೆಯ ಮೂರ್ಖತನವೇ ಆಗುತ್ತದೆ. ಮೊದಲು ಮರಿಯ ಪರೀಕ್ಷೆಯ ಚೀಟಿ ತೋರಿಸಿ ಎನ್ನುತ್ತೇನೆ. ಚೀಟಿ ಇದ್ದವರಿಗೆ ಸಾರ ತೆಗೆಯುವ ಬಗೆ, ಮೇವಿಗೆ ಬೆರೆಸುವ ಪ್ರಮಾಣ ಬರೆದುಕೊಡುತ್ತೇನೆ. ಇಲ್ಲದವರಿಗೆ ಒಂದು ಲೋಟ ಚಹ ಕೊಟ್ಟು, ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಗರಿಕೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ.