ಗೇರು ಇಳಿಸುವ ಹೊತ್ತು

ವಾಹನವನ್ನು ಓಡಿಸುವುದಕ್ಕಿಂತ ಅದರ ವೇಗವನ್ನು ತಗ್ಗಿಸುವುದನ್ನು ಕಲಿಸುವುದು ಕಷ್ಟವೆಂದು ಆ ವಿದ್ಯೆ ಬಲ್ಲವರು ಹೇಳುತ್ತಾರೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿಲೋಮೀಟರು ಹೆದ್ದಾರಿ. ಅಲ್ಲಿ ಒಮ್ಮೆ ಮೇಲಿನ ಗೇರು ಹಾಕಿದರೆ ಕೈಗೆ ಕೆಲಸ ಕಡಿಮೆ. ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯ ಮಾತು ಬೇರೆ. ತೆಂಗಿನ ತೋಟದ ತಿರುವು, ಊರ ಮುಂದಿನ ಉಬ್ಬು, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರಡಿದ ರಾಗಿ ತೆನೆ, ಕುರಿಯ ಹಿಂಡು, ಇವೆಲ್ಲವೂ ಕಲಿಯುವವನನ್ನು ಪರೀಕ್ಷಿಸುತ್ತವೆ.

ನಿವೃತ್ತಿಯ ಅನಂತರ ಕಾರು ಕಲಿಯಲು ಹೊರಟ ಗಣಿತದ ಮೇಷ್ಟ್ರೊಬ್ಬರಿಗೆ ಈ ದಾರಿಯೇ ಪಾಠಶಾಲೆಯಾಯಿತು. ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದವನು ಅವರದೇ ಹಳೆಯ ಶಿಷ್ಯ. ಏಳನೆಯ ತರಗತಿಗೇ ಶಾಲೆ ಬಿಟ್ಟವನು.

ಮೇಷ್ಟ್ರ ತಪ್ಪು ಎಲ್ಲ ಹೊಸಬರ ತಪ್ಪೇ. ತಿರುವು ಕಂಡೊಡನೆ, ವೇಗ ಇಳಿಯುವ ಮೊದಲೇ ಎರಡನೆಯ ಗೇರಿಗೆ ಕೈ ಹಾಕುವರು. ಎಂಜಿನ್ನು ಚೀರುವುದು, ಕಾರು ಮುಗ್ಗರಿಸುವುದು. ಶಿಷ್ಯನು ಬಿಡಿಸಿ ಹೇಳಿದನು: “ಮೊದಲು ಆಕ್ಸಿಲರೇಟರ್ ಬಿಡಿ, ಸಾರ್. ಬ್ರೇಕು ಮೆಲ್ಲಗೆ ಒತ್ತಿ. ವೇಗ ಇಳಿದು ಎಂಜಿನ್ನಿನ ದನಿ ತಗ್ಗಿದಾಗ ಕ್ಲಚ್ಚು, ಆಮೇಲೆ ಗೇರು. 30ರ ಸುಮಾರಿಗೆ ಮೂರು, 20ರ ಕೆಳಗೆ ಎರಡು. ಒಂದೊಂದೇ ಮೆಟ್ಟಿಲು ಇಳಿಯಲೇಬೇಕೆಂದಿಲ್ಲ. ಇರುವ ವೇಗಕ್ಕೆ ಒಪ್ಪುವುದನ್ನು ಹಾಕಿ. ಕ್ಲಚ್ಚು ಮಾತ್ರ ನಿಧಾನವಾಗಿ ಬಿಡಿ.”

ಒಂದು ದಿನ ಇಳಿಜಾರಿನಲ್ಲಿ ಕುರಿಯ ಹಿಂಡು ಎದುರಾಯಿತು. ಮೇಷ್ಟ್ರು ಗಾಬರಿಯಿಂದ ಕ್ಲಚ್ಚನ್ನೇ ಒತ್ತಿ ಹಿಡಿದರು. ಎಂಜಿನ್ನಿನ ಹಿಡಿತ ತಪ್ಪಿದ ಕಾರು ನಿಧಾನವಾಗುವ ಬದಲು ಮುಂದಕ್ಕೆ ಜಾರಿತು. ಶಿಷ್ಯನು ತನ್ನ ಕಾಲ ಬಳಿಯ ಇನ್ನೊಂದು ಬ್ರೇಕನ್ನು ಒತ್ತಿದನು. ಕೊನೆಯ ಮರಿಯಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಚಾಲನಾ ಶಾಲೆಯ ವಾಹನಕ್ಕೆ ಜೋಡಿ ನಿಯಂತ್ರಣ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ; ಅದರ ಬೆಲೆ ಆ ಗಳಿಗೆಯಲ್ಲಿ ತಿಳಿಯಿತು.

ಮೇಷ್ಟ್ರು ಬೈಗುಳಕ್ಕೆ ಕಾದರು. ಅವನು ಬೈಯಲಿಲ್ಲ. “ಸ್ವಲ್ಪ ಸುಧಾರಿಸಿಕೊಳ್ಳಿ, ಸಾರ್. ಇಳಿಜಾರು ಕಂಡಾಗಲೇ ವೇಗ ತಗ್ಗಿಸಿ ಚಿಕ್ಕ ಗೇರಿಗೆ ಬಂದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಈಗ ಬೇಡ, ಆಮೇಲೆ ಹೇಳುತ್ತೇನೆ. ಗಾಬರಿಯಲ್ಲಿ ಏನೂ ತಲೆಗೆ ಹತ್ತುವುದಿಲ್ಲ” ಎಂದನು.

ಮೇಷ್ಟ್ರು ತಡೆದು ಕೇಳಿದರು: “ನಾನು ಲೆಕ್ಕ ಕಲಿಸಿದ್ದು ನೆನಪಿದೆಯೇನಪ್ಪ?”

“ಇದೆ, ಸಾರ್. ಭಿನ್ನರಾಶಿ ಹತ್ತಲಿಲ್ಲ. ನೀವು ಗದರಿದರೆ ಬರುತ್ತಿದ್ದುದೂ ಮರೆತುಹೋಗುತ್ತಿತ್ತು” ಎಂದು ಅವನು ನಗುತ್ತಲೇ ಹೇಳಿದನು.

ಮೇಷ್ಟ್ರು ನಗಲಿಲ್ಲ. ಮೂವತ್ತು ವರ್ಷ ಪಾಠದ ವೇಗವೊಂದನ್ನೇ ನೋಡಿದ ಅವರಿಗೆ, ಹಿಂದುಳಿದ ಮಗುವಿನ ದನಿ ತಗ್ಗಿದ್ದು ಕೇಳಿಸಿರಲಿಲ್ಲ. “ಅಂದು ನಾನೇ ನಿಧಾನಿಸಬೇಕಾಗಿತ್ತು ಕಣಪ್ಪ” ಎಂದರು. ಶಿಷ್ಯನು ಉತ್ತರಿಸದೆ, “ಹೊರಡೋಣ, ಸಾರ್” ಎಂದನು.

ಮುಂದಿನ ಊರಿನ ಉಬ್ಬಿನ ಬಳಿ ಮೇಷ್ಟ್ರು ಬ್ರೇಕು ಒತ್ತಿ, ಎಂಜಿನ್ನಿನ ದನಿಗೆ ಕಿವಿಗೊಟ್ಟು ಕಾದು, ಎರಡನೆಯ ಗೇರಿಗೆ ಇಳಿಸಿದರು. ಕಾರು ಮುಗ್ಗರಿಸಲಿಲ್ಲ.