ವಾಹನದೊಳಗಿನ ಬಂದೂಕು

ಕೆಲವು ವರ್ಷಗಳ ಹಿಂದಿನ ದಶಲಕ್ಷಣ ಪರ್ವದ ಒಂದು ಮುಂಜಾನೆ. ಖಾನಾಪುರದ ಕಡೆಯ ನಮ್ಮ ಸೋದರಮಾವನವರು ಜೀಪಿನಲ್ಲಿ ಬೆಳಗಾವಿಯ ನಮ್ಮ ಬಸದಿಗೆ ಬಂದಿದ್ದರು. ಗಾಡಿ ಅಂಗಳದಲ್ಲಿ ಅಡ್ಡವಾಗಿ ನಿಂತಿದ್ದುದರಿಂದ ಕೀಲಿಯನ್ನು ಅವರಿಂದ ಪಡೆದು, ಪಕ್ಕಕ್ಕೆ ನಿಲ್ಲಿಸೆಂದು ನೆರೆಮನೆಯ ತರುಣನಿಗೆ ಕೊಟ್ಟವನು ನಾನೇ. ಅಭಿಷೇಕ ಮುಗಿದು ಹೊರಬಂದಾಗ ಆ ಹುಡುಗನು ಬಿಳಿಚಿದ ಮುಖದಿಂದ ನಿಂತಿದ್ದನು. ಹಿಂದಿನ ಆಸನದ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಬಂದೂಕು ಇದ್ದಿತು.

ಪರವಾನಿಗೆಯ ನವೀಕರಣಕ್ಕೆಂದು ಮಾವನವರು ಅದನ್ನು ತಂದಿದ್ದರು. "ಬಸದಿಯೊಳಗ ತಂದಿಲ್ಲಪ್ಪ, ಗಾಡ್ಯಾಗ ಐತಿ, ಗಾಡಿ ನಂದು" ಎಂದರು.

ಅಮೆರಿಕದ ಓಕ್ಲಹೋಮಾ, ಫ್ಲೋರಿಡಾ ಮೊದಲಾದ ರಾಜ್ಯಗಳಲ್ಲಿ ಈ ಮಾತಿಗೆ ಕಾನೂನಿನ ಬೆಂಬಲವೇ ಇದೆ. ನೌಕರನು ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿದ ತನ್ನ ಕಾರಿನಲ್ಲಿ ಬಂದೂಕಿಟ್ಟರೆ ಮಾಲೀಕನು ತಡೆಯಲಾರನು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಗೆ ಗಾಡಿ ಯಾರದು, ನೆಲ ಯಾರದು ಎಂಬುದು ಮುಖ್ಯವಲ್ಲ. ಪರವಾನಿಗೆ ಯಾರದು ಎಂಬುದೇ ಮುಖ್ಯ. ನವೀಕರಣಕ್ಕೋ ದುರಸ್ತಿಗೋ ಬೇರೊಬ್ಬನು ಒಯ್ಯುವುದಾದರೂ ಪರವಾನಿಗೆದಾರನು ಜೊತೆಗಿರಬೇಕು, ಇಲ್ಲವೇ ಬರೆದು ಕೊಟ್ಟಿರಬೇಕು. ಶಸ್ತ್ರವು ಮತ್ತೊಬ್ಬನ ಕೈಯಲ್ಲಿದ್ದರೂ ಅದರ ಮೇಲೆ ಅಧಿಕಾರವುಳ್ಳವನ ಸ್ವಾಧೀನ ತಪ್ಪುವುದಿಲ್ಲವೆಂದೂ, ಸ್ವಾಧೀನಕ್ಕೆ ಅರಿವು ಅಗತ್ಯವೆಂದೂ 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ಏನೂ ಅರಿಯದ ಹುಡುಗನು ಕಾನೂನಿಗೆ ನಿರ್ದೋಷಿ.

ನಾನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವ ಹಿಂಸಾದಾನವನ್ನೂ ಪ್ರಮಾದಚರ್ಯೆಯನ್ನೂ ಹೇಳಿದ್ದಾರೆ. ಕೀಲಿಯೊಂದನ್ನು ಕೈಯಿಂದ ಕೈಗೆ ದಾಟಿಸಿದ ನನ್ನ ಕೃತ್ಯ ಇವೆರಡರಲ್ಲಿ ಯಾವುದೆಂದು ಅಂದಿನ ಸಾಮಾಯಿಕದಲ್ಲಿ ಕುಳಿತು ಯೋಚಿಸಿದೆನು. ಮನಸ್ಸು ಸಾಮಾಯಿಕದಲ್ಲಿ ನಿಲ್ಲಲಿಲ್ಲವೆಂಬುದೂ ನಿಜ.

ಮುಂದಿನ ಟ್ರಸ್ಟ್ ಸಭೆಯಲ್ಲಿ, ಶಸ್ತ್ರವಿರುವ ವಾಹನವನ್ನು ಆವರಣದೊಳಗೆ ಬಿಡಬಾರದೆಂದು ನಾನೇ ಸೂಚಿಸಿದೆನು, ಒಪ್ಪಿಗೆಯಾಯಿತು. ಸುದ್ದಿ ತಿಳಿಸಲು ಖಾನಾಪುರಕ್ಕೆ ಹೋದೆನು. 2011ರಲ್ಲಿ ಭೀಮಗಡ ಅಭಯಾರಣ್ಯವಾದ ಮೇಲೆ ಆ ಸೀಮೆಯ ಬಂದೂಕುದಾರರ ಹೊಣೆ ಇನ್ನೂ ಹೆಚ್ಚಿದೆ. ಅಭಯಾರಣ್ಯದ 10 ಕಿಲೋಮೀಟರ್ ಒಳಗಿನ ಪರವಾನಿಗೆದಾರರು ಹೆಸರು ನೋಂದಾಯಿಸಬೇಕು. ಅನುಮತಿಯಿಲ್ಲದೆ ಶಸ್ತ್ರದೊಡನೆ ಅದರೊಳಗೆ ಕಾಲಿಡುವಂತಿಲ್ಲ.

ಮಾವನವರು ಶಾಂತವಾಗಿ ಕೇಳಿದರು. ತಾವು ಒಂದು ಹಂದಿಯನ್ನೂ ಕೊಂದಿಲ್ಲ, ಸದ್ದಿಗಾಗಿ ಮಾತ್ರ ಹಾರಿಸುವುದೆಂದರು. ಬಳಿಕ, "ಬಂದೂಕು ಬಿಟ್ಟ್ರ ಭತ್ತ ಯಾರು ಕಾಯಾವ್ರು? ನೀನೇ ಹೇಳು" ಎಂದರು.

ನಾನು ಉತ್ತರಿಸಲಿಲ್ಲ. ಹೊರಡುವಾಗ, ಪ್ರತಿವರ್ಷದಂತೆ, ಅವರ ಗದ್ದೆಯ ಅಕ್ಕಿಯ ಚೀಲವನ್ನು ನನ್ನ ಗಾಡಿಯಲ್ಲಿ ಇಡಿಸಿದರು.